ಕ್ರ್ಯಾನ್‌ಬೆರಿ ಜ್ಯೂಸು ಕುಡಿದರೆ ನೊರೊವೈರಸ್ ಸಾಯುತ್ತದಾ?

ಪ್ರಶ್ನೆ: ಹೋದ ತಿಂಗಳು ನಮ್ಮ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ವಾಂತಿ-ಭೇದಿ ಹಿಡಿಯಿತು. ನೊರೊವೈರಸ್ ಇರಬೇಕು ಅಂದರು ಡಾಕ್ಟರು. ಕ್ರ್ಯಾನ್‌ಬೆರಿ, ಬ್ಲೂಬೆರಿಗಳಲ್ಲಿರುವ ಅಂಶಗಳು ಇಂಥ ವೈರಸ್‌ಗಳನ್ನು ಕೊಲ್ಲುತ್ತವೆ ಎಂದು ಆಮೇಲೆ ಎಲ್ಲೋ ಓದಿದೆ. ದಿನಾ ಒಂದು ಲೋಟ ಜ್ಯೂಸು ಕುಡಿದರೆ ಸಾಕಾ? ಮಕ್ಕಳಿಗೆ ಬೆಳಿಗ್ಗೆ ಫ್ರೋಜನ್ ಬೆರಿ ಹಾಕಿ ಸ್ಮೂದಿ ಮಾಡಿಕೊಡುತ್ತೇನೆ. ಹಣ್ಣಿನಲ್ಲೇ ಮದ್ದು ಇದ್ದಮೇಲೆ ಅದರ ಬಗ್ಗೆಯಂತೂ ಚಿಂತೆ ಇಲ್ಲ, ಅಲ್ವಾ?

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಕ್ರ್ಯಾನ್‌ಬೆರಿ ರಸ ವೈರಸ್‌ಗಳ ಸೋಂಕುವ ಶಕ್ತಿಯನ್ನು ಕುಗ್ಗಿಸುತ್ತದೆ ಎಂದು ಪ್ರಯೋಗಾಲಯಗಳು ಒಂದಲ್ಲ, ಹಲವು ಸಲ ತೋರಿಸಿವೆ. ಆದರೆ ನಿಮ್ಮ ಕೊನೆಯ ಸಾಲು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆಹಾರದ ಮೂಲಕ ಮನೆಗೆ ಬರುವ ನೊರೊವೈರಸ್ಸಿಗೆ, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸಿಗೆ ಫ್ರೋಜನ್ ಬೆರಿ ತೀರಾ ಪರಿಚಿತ ವಾಹನ. ಹಾಗಾಗಿ ಜ್ಯೂಸಿನ ಕಥೆ ಮೊದಲು, ಸ್ಮೂದಿಯ ಕಥೆ ಆಮೇಲೆ. ಎರಡೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ.

ಒಗರು ಅಂದರೆ ಏನು ಅಂತ ಒಮ್ಮೆ ನೆನಪಿಸಿಕೊಳ್ಳಿ. ಕಾಯಿ ಬಾಳೆಹಣ್ಣು ಕಚ್ಚಿದಾಗ, ತುಂಬಾ ಹೊತ್ತು ಕುದಿಸಿದ ಕಪ್ಪು ಚಹಾ ಕುಡಿದಾಗ ನಾಲಿಗೆ ಎಳೆದು ಹಿಡಿದ ಹಾಗಾಗುತ್ತದಲ್ಲ, ಅದು. ಅಲ್ಲಿ ಆಗುವುದು ಇಷ್ಟೇ: ಟ್ಯಾನಿನ್ ಎಂಬ ಗುಂಪಿನ ವಸ್ತುಗಳು ನಿಮ್ಮ ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಮುದ್ದೆ ಮಾಡುತ್ತವೆ. ಜಾರುವಿಕೆ ಹೋಗಿ ಬಾಯಿ ಒಣಗಿದಂತೆ ಅನ್ನಿಸುತ್ತದೆ. ಕ್ರ್ಯಾನ್‌ಬೆರಿಯ ಒಗರಿಗೂ ಇದೇ ಕಾರಣ. ಅದರಲ್ಲಿರುವ ಮುಖ್ಯ ಟ್ಯಾನಿನ್‌ಗಳಿಗೆ ಪ್ರೊಆಂಥೊಸಯನಿಡಿನ್ ಅಂತ ಹೆಸರು. ಬಾಯಲ್ಲಿ ಹೊರಳದ ಹೆಸರು. ನಾವು ಲ್ಯಾಬಿನಲ್ಲಿ ಸುಮ್ನೆ ‘ಪ್ಯಾಕ್’ ಅಂತೀವಿ. ದ್ರಾಕ್ಷಿ ಬೀಜ, ಬ್ಲೂಬೆರಿಗಳಲ್ಲೂ ಪ್ಯಾಕ್ ಇದೆ. ಕ್ರ್ಯಾನ್‌ಬೆರಿಯದು ಕೊಂಡಿಗಳ ಜೋಡಣೆಯಲ್ಲಿ ಸ್ವಲ್ಪ ಬೇರೆ ಥರ.

ಈಗ ವೈರಸ್ಸಿಗೆ ಬನ್ನಿ. ನೊರೊವೈರಸ್ಸಿಗೂ ಹೆಪಟೈಟಿಸ್ ಎ ವೈರಸ್ಸಿಗೂ ಹೊರಗೊಂದು ಪ್ರೋಟೀನಿನ ಚಿಪ್ಪು ಇರುತ್ತದೆ. ಕೊರೊನಾ ಅಥವಾ ಫ್ಲೂ ವೈರಸ್ಸಿಗೆ ಇರುವಂಥ ಕೊಬ್ಬಿನ ಹೊದಿಕೆ ನೊರೊವೈರಸ್ಸಿಗೆ ಇರುವುದಿಲ್ಲ. ಸೋಪು, ಸ್ಯಾನಿಟೈಸರ್ ಕರಗಿಸುವುದು ಆ ಕೊಬ್ಬಿನ ಹೊದಿಕೆಯನ್ನು. ಅದಕ್ಕೇ ಆಲ್ಕೋಹಾಲ್ ಸ್ಯಾನಿಟೈಸರ್ ನೊರೊವೈರಸ್ ಮುಂದೆ ಸೋಲುತ್ತದೆ. ಆದರೆ ಪ್ರೋಟೀನಿನ ಚಿಪ್ಪು ಇದೆ ಅಂದಮೇಲೆ ಒಗರು ಅದಕ್ಕೂ ಅಂಟಿಕೊಳ್ಳಬೇಕಲ್ವಾ? ಅಂಟಿಕೊಳ್ಳುತ್ತದೆ. ಇಡೀ ಸಂಶೋಧನೆಯ ಬೇರು ಇದು.

ಬೇರು ಸಾಕಷ್ಟು ಹಳೆಯದು ಕೂಡ. 1976ರಲ್ಲಿ ಕೆನಡಾದ ಕೊನೊವಾಲ್ಚುಕ್ ಮತ್ತು ಸ್ಪೀರ್ಸ್ ಎಂಬ ಇಬ್ಬರು ದ್ರಾಕ್ಷಿ ರಸದಲ್ಲಿ ಪೋಲಿಯೊ ವೈರಸ್ ಬೆರೆಸಿ, 4 ಡಿಗ್ರಿ ಚಳಿಯಲ್ಲಿ 24 ಗಂಟೆ ಇಟ್ಟರು. ರಸದ ಹುಳಿಯನ್ನು ಮೊದಲೇ ಸರಿದೂಗಿಸಿದ್ದರು. ಹುಳಿಯ ಕೆಲಸವನ್ನು ರಸದ ಕೆಲಸ ಅಂತ ತಪ್ಪು ತಿಳಿಯಬಾರದಲ್ಲ. ವೈರಸ್ಸಿನ ಸೋಂಕುವ ಶಕ್ತಿ ಸಾವಿರ ಪಟ್ಟು ಇಳಿಯಿತು. ಆ ಗುಣ ದ್ರಾಕ್ಷಿಯ ಸಿಪ್ಪೆಯಲ್ಲಿದೆ ಅಂತಲೂ ಗೊತ್ತಾಯಿತು. ಬಿಳಿ ವೈನಿಗಿಂತ ಕೆಂಪು ವೈನ್ ಜೋರಾಗಿ ಕೆಲಸ ಮಾಡಿತು, ಯಾಕೆಂದರೆ ಕೆಂಪು ವೈನನ್ನು ಸಿಪ್ಪೆಯ ಜೊತೆಗೇ ಹುಳಿ ಬರಿಸುತ್ತಾರೆ.

ಸುದ್ದಿಗಳು ಇಲ್ಲಿಗೇ ನಿಲ್ಲುತ್ತವೆ. ಅವರಿಬ್ಬರು ನಿಲ್ಲಲಿಲ್ಲ. ‘ಸತ್ತ’ ವೈರಸ್ಸಿಗೆ ಜೆಲಟಿನ್ ಸೇರಿಸಿ ನೋಡಿದರು. ಜೆಲಟಿನ್ ಅಂದರೆ ಪ್ರೋಟೀನು. ಒಂದಷ್ಟು ವೈರಸ್ ಎದ್ದು ಕೂತಿತು! ಒಗರಿಗೆ ಅಂಟಿಕೊಳ್ಳಲು ಬೇರೆ ಪ್ರೋಟೀನು ಸಿಕ್ಕಿತು, ಅದು ವೈರಸ್ಸನ್ನು ಬಿಟ್ಟು ಆ ಕಡೆ ಹೋಯಿತು. ಅಂದರೆ ದ್ರಾಕ್ಷಿ ರಸ ವೈರಸ್ಸಿನ ಒಂದು ಪಾಲನ್ನು ಕೊಂದಿರಲೇ ಇಲ್ಲ, ಕಟ್ಟಿಹಾಕಿತ್ತು ಅಷ್ಟೆ. ಚಹಾಕ್ಕೆ ಹಾಲು ಬೆರೆಸಿದರೆ ಒಗರು ಇಳಿಯುವುದೂ ಇದೇ ಲೆಕ್ಕದಲ್ಲಿ. ಹಾಲಿನ ಪ್ರೋಟೀನು ಟ್ಯಾನಿನ್ನನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನನ್ನ ಪ್ರಕಾರ ಈ ವಿಷಯದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಹೊಸ ಪ್ರಯೋಗಗಳು ಏನು ಹೇಳುತ್ತವೆ? ಅದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕೆಲಸ ಹೇಗಿರುತ್ತದೆ ಅಂತ ಸ್ವಲ್ಪ ನೋಡಿ. ಪ್ಲಾಸ್ಟಿಕ್ ತಟ್ಟೆಯ ತಳದಲ್ಲಿ ಜೀವಕೋಶಗಳ ಒಂದೇ ಪದರ ಬೆಳೆಸುತ್ತೇವೆ. ಇನ್ನೊಂದು ಕಡೆ ಪುಟ್ಟ ಟ್ಯೂಬಿನಲ್ಲಿ ವೈರಸ್ಸನ್ನೂ ರಸವನ್ನೂ ಸಮ ಸಮ ಬೆರೆಸಿ ಒಂದು ಗಂಟೆ ಇಡುತ್ತೇವೆ. ಆಮೇಲೆ ಅದನ್ನು ಹಂತಹಂತವಾಗಿ ತೆಳು ಮಾಡಿ ಕೋಶಗಳ ಮೇಲೆ ಸುರಿದು, ಮೇಲೊಂದು ಅಗರ್ ಎಂಬ ಜೆಲ್ಲಿಯ ಹೊದಿಕೆ ಹಾಕಿ ಮುಚ್ಚಿಡುತ್ತೇವೆ. ಎರಡು ಮೂರು ದಿನ ಬಿಟ್ಟು ನೇರಳೆ ಬಣ್ಣ ಹಾಕಿ ತೊಳೆದರೆ ತಟ್ಟೆ ನೇರಳೆ ಹಾಸಿನ ಹಾಗೆ ಕಾಣುತ್ತದೆ. ವೈರಸ್ ಕೋಶಗಳನ್ನು ತಿಂದುಹಾಕಿದ ಕಡೆಯೆಲ್ಲ ಗುಂಡಗೆ ತೂತು. ತಟ್ಟೆಯನ್ನು ಮಗುಚಿ ಹಿಡಿದು, ಎಣಿಸಿದ ತೂತಿಗೆಲ್ಲ ಮಾರ್ಕರ್ ಪೆನ್ನಿನಲ್ಲಿ ಚುಕ್ಕಿ ಇಡುತ್ತಾ ಹೋಗುವುದು. ಒಂದು ತೂತು ಅಂದರೆ ಶುರುವಿನಲ್ಲಿ ಅಲ್ಲಿ ಒಂದು ಜೀವಂತ ವೈರಸ್ ಇತ್ತು ಅಂತ ಲೆಕ್ಕ. ಕತ್ತು ನೋವಿನ ಕೆಲಸ.

ಇದರಲ್ಲಿ ಒಂದು ಸ್ವಾರಸ್ಯ ಇದೆ. ಒಂದು ಗಂಟೆ ಆದ ಕೂಡಲೇ ರಸದ ಕೆಲಸ ನಿಲ್ಲಿಸಬೇಕು, ಇಲ್ಲದಿದ್ದರೆ ಎಷ್ಟು ಹೊತ್ತಿನಲ್ಲಿ ಎಷ್ಟು ಸತ್ತಿತು ಅಂತ ಹೇಳಲಾಗದು. ನಿಲ್ಲಿಸಲು ಏನು ಹಾಕುತ್ತೇವೆ ಗೊತ್ತಾ? ಕರುವಿನ ರಕ್ತದಿಂದ ತೆಗೆದ ಸೀರಮ್ ಬೆರೆಸಿದ ದ್ರವ. ಅದರ ತುಂಬಾ ಪ್ರೋಟೀನು. ಒಗರನ್ನು ಪ್ರೋಟೀನು ತಡೆಯುತ್ತದೆ ಎಂಬುದನ್ನೇ ನಾವು ಸ್ವಿಚ್ಚಿನ ಥರ ಬಳಸುತ್ತೇವೆ. ಸೀರಮ್ ಬಿದ್ದ ಮೇಲೂ ಏಳದ ವೈರಸ್ಸು ಮಾತ್ರ ಸತ್ತದ್ದು ಅಂತ ಎಣಿಕೆಗೆ ಬರುತ್ತದೆ. ಹಾಗಾಗಿ ಹೊಸ ಪ್ರಯೋಗಗಳ ಅಂಕಿ ಬರೀ ಕಟ್ಟಿಹಾಕಿದ ಲೆಕ್ಕವಲ್ಲ. ದ್ರಾಕ್ಷಿ ಬೀಜದ ಸಾರವನ್ನು ಜಾಸ್ತಿ ಪ್ರಮಾಣದಲ್ಲಿ ಹಾಕಿದಾಗ ನೊರೊವೈರಸ್ಸಿನ ಚಿಪ್ಪುಗಳು ಒಂದಕ್ಕೊಂದು ಅಂಟಿ ಗುಂಪಾಗಿ, ಆಕಾರ ಕೆಟ್ಟುಹೋಗಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲೂ ಕಂಡಿದೆ.

2010ರಲ್ಲಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ತಂಡ ಕ್ರ್ಯಾನ್‌ಬೆರಿ ರಸವನ್ನೂ ಅದರಿಂದ ತೆಗೆದ ಪ್ಯಾಕ್ ಅನ್ನೂ ಹೀಗೆಯೇ ಪರೀಕ್ಷಿಸಿತು. ಕೋಣೆಯ ಉಷ್ಣತೆ, ಒಂದು ಗಂಟೆ. ವೈರಸ್ ಕಡಿಮೆ ಪ್ರಮಾಣದಲ್ಲಿದ್ದಾಗ, ಬೆಕ್ಕಿಗೆ ಬರುವ ಕ್ಯಾಲಿಸಿ ವೈರಸ್ ಪತ್ತೆಯೇ ಇಲ್ಲದಷ್ಟು ಇಳಿಯಿತು. ಇಲಿಯ ನೊರೊವೈರಸ್ ರಸದಲ್ಲಿ ಸುಮಾರು 2 ಲಾಗ್, ಪ್ಯಾಕ್‌ನಲ್ಲಿ 3 ಲಾಗ್ ಹತ್ತಿರ ಇಳಿಯಿತು. ಎಂಎಸ್2 ಎಂಬ ಇನ್ನೊಂದು ವೈರಸ್ ಸುಮಾರು 1 ಲಾಗ್. ಮುಂದಿನ ವರ್ಷಗಳಲ್ಲಿ ದ್ರಾಕ್ಷಿ ಬೀಜ, ಬ್ಲೂಬೆರಿಗಳ ಮೇಲೂ ಇಂಥದ್ದೇ ಪ್ರಯೋಗಗಳಾದವು. ಬೆಕ್ಕಿನ ವೈರಸ್ ಬೇಗ ಬಗ್ಗುತ್ತದೆ, ಇಲಿಯದು ಅದಕ್ಕಿಂತ ನಿಧಾನ. ಹೆಪಟೈಟಿಸ್ ಎ ಕೂಡ ಬೆಕ್ಕಿನದಕ್ಕಿಂತ ಹಠಮಾರಿ.

ಲಾಗ್ ಅಂದರೆ ಹತ್ತು ಪಟ್ಟು. 2 ಲಾಗ್ ಇಳಿಕೆ ಅಂದರೆ ನೂರರಲ್ಲಿ 99 ಹೋಯಿತು. ಶೇ 99 ಅಂದ ಕೂಡಲೇ ಎಲ್ಲರಿಗೂ ಸಮಾಧಾನ. ಆದರೆ 10 ಲಕ್ಷ ಇದ್ದದ್ದು 10 ಸಾವಿರಕ್ಕೆ ಇಳಿಯಿತು ಅಂತ ಹೇಳಿದರೆ? ನೊರೊವೈರಸ್ ಕಾಯಿಲೆ ತರಲು ಹತ್ತರಿಂದ ನೂರು ಕಣ ಸಾಕು ಎನ್ನುವುದು ಸಾಮಾನ್ಯ ಅಂದಾಜು. ಕಾಯಿಲೆಯವರ ಒಂದು ಗ್ರಾಂ ಮಲದಲ್ಲಿ ನೂರಾರು ಕೋಟಿ ಕಣಗಳಿರಬಹುದು. ಅಲ್ಲಿ ಶೇ 99 ಏನೇನೂ ಅಲ್ಲ.

ಬೆಕ್ಕು, ಇಲಿ ಯಾಕೆ ಬಂತು ಅಂತ ನೀವು ಕೇಳಬಹುದು. ಮನುಷ್ಯರ ನೊರೊವೈರಸ್ಸನ್ನು ತಟ್ಟೆಯಲ್ಲಿ ಬೆಳೆಸಲು ದಶಕಗಳ ಕಾಲ ಯಾರಿಂದಲೂ ಆಗಲಿಲ್ಲ. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಊರಿನ ಶಾಲೆಯಲ್ಲಿ ವಾಂತಿ ಹರಡಿತು. ಆ ಕಾಯಿಲೆಯ ಮಲದ ಮಾದರಿಯಲ್ಲಿ ಆಲ್ಬರ್ಟ್ ಕಪಿಕಿಯಾನ್ ಎಂಬ ವಿಜ್ಞಾನಿ 1972ರಲ್ಲಿ ವೈರಸ್ಸನ್ನು ಕಣ್ಣಾರೆ ಕಂಡರು. ‘ನೊರೊ’ ಎಂಬ ಹೆಸರು ಬಂದದ್ದು ಆ ಊರಿನಿಂದ. ಕಂಡು 40 ವರ್ಷ ಕಳೆದರೂ ಬೆಳೆಸಲು ಬರಲಿಲ್ಲ. ಮನುಷ್ಯರ ಕರುಳಿನ ಕಾಂಡಕೋಶಗಳಿಂದ ಪುಟಾಣಿ ಕರುಳಿನಂಥ ಅಂಗಾಂಶ ಬೆಳೆಸಿ, ಅದರಲ್ಲಿ ಈ ವೈರಸ್ಸನ್ನು ಬೆಳೆಸಿದ್ದು 2016ರಲ್ಲಿ, ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಮೇರಿ ಎಸ್ಟೆಸ್ ಅವರ ತಂಡ. ಅದು ದುಬಾರಿ, ನಾಜೂಕಿನ ಕೆಲಸ. ಹಾಗಾಗಿ ಬೆರಿ ಕುರಿತ ಹೆಚ್ಚಿನ ಪ್ರಯೋಗಗಳೆಲ್ಲ ಬದಲಿ ವೈರಸ್‌ಗಳ ಮೇಲೆ ನಡೆದವು. ಬೆಕ್ಕಿನ ಕ್ಯಾಲಿಸಿ ವೈರಸ್ ಉಸಿರಾಟದ ದಾರಿಯ ವೈರಸ್. ಹುಳಿಗೆ ಬೇಗ ಸಾಯುತ್ತದೆ. ಹೊಟ್ಟೆಯ ಆಮ್ಲವನ್ನೇ ದಾಟಿ ಬರುವ ನೊರೊವೈರಸ್ಸಿಗೆ ಅದನ್ನು ಹೋಲಿಸುವುದು ಸ್ವಲ್ಪ ಧಾರಾಳತನವೇ. ಅದರ ಅಂಕಿ ನೋಡಿ ಯಾರಾದರೂ ‘ಪೂರ್ತಿ ನಾಶ’ ಅಂತ ಬರೆದಿದ್ದರೆ ನಾನು ಆ ಪುಟ ಮಗುಚಿ ಮುಂದೆ ಹೋಗುತ್ತೇನೆ.

ಇನ್ನು ನಿಮ್ಮ ಲೋಟ. ಟ್ಯೂಬಿನಲ್ಲಿ ವೈರಸ್ಸೂ ರಸವೂ ಒಂದು ಗಂಟೆ ಮುಖಾಮುಖಿ ಕೂತಿದ್ದವು, ನಡುವೆ ಯಾರೂ ಇರಲಿಲ್ಲ. ನಿಮ್ಮ ಹೊಟ್ಟೆಯಲ್ಲಿ? ಬಾಯಲ್ಲೇ ಎಂಜಲಿನ ಪ್ರೋಟೀನು ಒಂದು ಪಾಲು ಒಗರನ್ನು ಹಿಡಿದುಕೊಳ್ಳುತ್ತದೆ. ಅಷ್ಟಕ್ಕೇ ನಿಮಗೆ ಒಗರು ಅನ್ನಿಸಿದ್ದು. ಆಮೇಲೆ ತಿಂಡಿಯ ಪ್ರೋಟೀನು, ಜೀರ್ಣರಸದ ಕಿಣ್ವಗಳು, ಕರುಳಿನ ಲೋಳೆ. ಇವೆಲ್ಲ ನಮ್ಮ ಲ್ಯಾಬಿನ ಸೀರಮ್ ಮಾಡುವ ಕೆಲಸವನ್ನೇ ಮಾಡುತ್ತವೆ. ಬೆಳಿಗ್ಗೆ ಕುಡಿದ ಜ್ಯೂಸು ಮಧ್ಯಾಹ್ನ ಊಟದಲ್ಲಿ ಬರುವ ವೈರಸ್ಸಿಗಾಗಿ ಕರುಳಿನಲ್ಲಿ ಕಾಯುತ್ತಾ ಕೂರುವುದೂ ಇಲ್ಲ. ನೊರೊವೈರಸ್ ಕರುಳಿನ ಕೋಶಕ್ಕೆ ಅಂಟಿಕೊಳ್ಳಲು ಒಂದು ಬಗೆಯ ಸಕ್ಕರೆ ಸರಪಳಿಗಳನ್ನು ಹಿಡಿಯುತ್ತದೆ, ರಕ್ತದ ಗುಂಪು ನಿರ್ಧರಿಸುವಂಥವೇ ಅವು. ಕ್ರ್ಯಾನ್‌ಬೆರಿ, ದಾಳಿಂಬೆ ರಸಗಳು ಈ ಹಿಡಿತವನ್ನು ತಪ್ಪಿಸುತ್ತವೆ ಎಂದು ಲ್ಯಾಬಿನಲ್ಲಿ ಕಂಡಿದೆ. ಒಳ್ಳೆಯ ಸುಳಿವು ಅದು. ಆದರೆ ಸುಳಿವನ್ನು ಔಷಧಿ ಅಂತ ಕುಡಿಯಲು ಬರುವುದಿಲ್ಲ.

ಮೂತ್ರದ ಸೋಂಕಿಗೆ ಕ್ರ್ಯಾನ್‌ಬೆರಿ ಒಳ್ಳೆಯದು ಅಂತಾರಲ್ಲ ಎಂದು ಕೆಲವರು ಕೇಳುತ್ತಾರೆ. ಅದು ಬೇರೆ ವಿಷಯ. ಅಲ್ಲಿ ಶತ್ರು ಬ್ಯಾಕ್ಟೀರಿಯಾ. ಪದೇ ಪದೇ ಸೋಂಕು ಬರುವ ಹೆಂಗಸರಲ್ಲಿ ಅದು ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ಮನುಷ್ಯರ ಮೇಲಿನ ಪ್ರಯೋಗಗಳಲ್ಲೇ ಕಂಡಿದೆ. ಅಷ್ಟು ಮಟ್ಟದ ಪುರಾವೆ ನೊರೊವೈರಸ್ ವಿಷಯದಲ್ಲಿ ಇಲ್ಲ.

ಜ್ಯೂಸು ಇಷ್ಟ ಇದ್ದರೆ ಕುಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ವಾಂತಿ-ಭೇದಿ ಶುರುವಾದ ಮೇಲೆ ಮಕ್ಕಳಿಗೆ ಲೋಟಗಟ್ಟಲೆ ಸಿಹಿ ಜ್ಯೂಸು ಕೊಡಬೇಡಿ. ಸಕ್ಕರೆ ಜಾಸ್ತಿಯಾದರೆ ಕರುಳಿಗೆ ನೀರು ಎಳೆದು ಭೇದಿ ಇನ್ನೂ ಹೆಚ್ಚುತ್ತದೆ. ಆಗ ಬೇಕಾದ್ದು ಓಆರ್‌ಎಸ್. ಗುಟುಕು ಗುಟುಕಾಗಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ.

ಈಗ ಸ್ಮೂದಿ. 2012ರ ಸೆಪ್ಟೆಂಬರ್ ಕೊನೆಯಲ್ಲಿ ಜರ್ಮನಿಯ ಪೂರ್ವ ಭಾಗದ ಶಾಲೆ, ಶಿಶುಪಾಲನಾ ಕೇಂದ್ರಗಳಲ್ಲಿ ಇದ್ದಕ್ಕಿದ್ದ ಹಾಗೆ ವಾಂತಿ ಶುರುವಾಯಿತು. ಕೆಲವೇ ದಿನಗಳಲ್ಲಿ ಸುಮಾರು 11 ಸಾವಿರ ಜನ ಮಲಗಿದರು. ಹುಡುಕಿದಾಗ ಸಿಕ್ಕಿದ್ದು ಚೀನಾದಿಂದ ಬಂದ ಫ್ರೋಜನ್ ಸ್ಟ್ರಾಬೆರಿ, ಒಳಗೆ ನೊರೊವೈರಸ್. ಸಾಕಷ್ಟು ಬಿಸಿ ಮಾಡದೆ ಬಡಿಸಿದ್ದರು. 2013-14ರಲ್ಲಿ ಯುರೋಪಿನ ಹನ್ನೆರಡು ದೇಶಗಳಲ್ಲಿ 1,400ಕ್ಕೂ ಹೆಚ್ಚು ಜನರಿಗೆ ಹೆಪಟೈಟಿಸ್ ಎ ಬಂತು, ಅದರಲ್ಲಿ ಬಹುಪಾಲು ಇಟಲಿಯವರು. ಅಲ್ಲಿಯೂ ಬೆರಳು ತೋರಿಸಿದ್ದು ಫ್ರೋಜನ್ ಮಿಶ್ರ ಬೆರಿಗಳ ಕಡೆಗೆ. 2016ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಎ ಹರಡಿದ್ದು ಈಜಿಪ್ಟಿನ ಫ್ರೋಜನ್ ಸ್ಟ್ರಾಬೆರಿಯಿಂದ, ಅದೂ ಜನ ಅದನ್ನು ಕುಡಿದದ್ದು ಸ್ಮೂದಿ ಅಂಗಡಿಗಳಲ್ಲಿ.

ಹಣ್ಣಿನೊಳಗೆ ಇಷ್ಟೊಂದು ಒಗರು ಇಟ್ಟುಕೊಂಡು ಇದು ಹೇಗೆ ಸಾಧ್ಯ? ಒಂದು ರಾಸ್ಪ್‌ಬೆರಿಯನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿ. ಸಣ್ಣ ಸಣ್ಣ ಗುಂಡುಗಳ ಗೊಂಚಲು, ನಡುನಡುವೆ ಸಂದಿ, ಮೇಲೆಲ್ಲ ಸಣ್ಣ ರೋಮ, ಒಳಗೆ ಪೊಳ್ಳು. ಕೀಳುವವರು ಕೈಯಿಂದಲೇ ಕೀಳಬೇಕು, ಒಂದೊಂದಾಗಿ. ಕೀಳುವವರಲ್ಲಿ ಒಬ್ಬರಿಗೆ ಸೋಂಕಿದ್ದರೆ, ಕೈತೊಳೆಯಲು ಹತ್ತಿರದಲ್ಲಿ ನೀರಿಲ್ಲದಿದ್ದರೆ, ಅಥವಾ ಗಿಡಕ್ಕೆ ಹಾಯಿಸಿದ ನೀರಿಗೇ ಚರಂಡಿ ಸೇರಿದ್ದರೆ, ವೈರಸ್ ಬಂದು ಆ ಸಂದಿಗಳಲ್ಲಿ ಕೂರುತ್ತದೆ. ಒಗರಿನ ಅಂಶಗಳು ಇರುವುದು ಹಣ್ಣಿನ ಕೋಶಗಳ ಒಳಗೆ ಮುಚ್ಚಿದ ಚೀಲಗಳಲ್ಲಿ. ವೈರಸ್ ಇರುವುದು ಹೊರಗೆ. ಇಬ್ಬರಿಗೂ ಭೇಟಿಯೇ ಇಲ್ಲ. ಅಷ್ಟರಲ್ಲಿ ಹಣ್ಣು ಫ್ರೀಜರಿಗೆ ಹೋಗುತ್ತದೆ. ನಾವು ಹೊಸ ಪ್ರಯೋಗಕ್ಕೆ ಅಂತ ವೈರಸ್ಸನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಾದಿಡುವುದೂ ಫ್ರೀಜರಿನಲ್ಲೇ ಸ್ವಾಮಿ. ಚಳಿ ಅದಕ್ಕೆ ಶತ್ರುವಲ್ಲ, ಗೋದಾಮು.

ಮಿಕ್ಸಿಗೆ ಹಾಕಿ ತಿರುಗಿಸಿದಾಗ ಕೋಶ ಒಡೆದು ರಸ ಹೊರಗೆ ಬರುತ್ತದಲ್ಲ, ಆಗ ಭೇಟಿಯಾಗುವುದಿಲ್ವಾ ಅಂತ ಕೇಳುತ್ತೀರಿ. ಆಗುತ್ತದೆ. ಎಷ್ಟು ಹೊತ್ತು? ಎರಡು ನಿಮಿಷ. ಎಂಥ ಚಳಿಯಲ್ಲಿ? ಮಂಜುಗಡ್ಡೆಯ ಚಳಿಯಲ್ಲಿ. ಜೊತೆಗೆ ನೀವು ಏನು ಹಾಕುತ್ತೀರಿ? ಹೆಚ್ಚಿನವರು ಹಾಲು ಅಥವಾ ಮೊಸರು ಹಾಕುತ್ತಾರೆ. ಮೇಲೆ ಹೇಳಿದ ಜೆಲಟಿನ್ ನೆನಪಾಯಿತಾ? ಒಗರನ್ನು ಸುಮ್ಮನಾಗಿಸಲು ಅದಕ್ಕಿಂತ ಒಳ್ಳೆಯ ಏರ್ಪಾಡು ನನಗಂತೂ ಹೊಳೆಯುವುದಿಲ್ಲ.

ಹಾಗಂತ ಬೆರಿ ಬಿಡಬೇಕಿಲ್ಲ, ಬಿಸಿ ಮಾಡಬೇಕು. ಫಿನ್ಲೆಂಡಿನಲ್ಲಿ ಫ್ರೋಜನ್ ರಾಸ್ಪ್‌ಬೆರಿಯಿಂದ ಮತ್ತೆ ಮತ್ತೆ ಏಟು ತಿಂದು, ಅಲ್ಲಿನ ಆಹಾರ ಇಲಾಖೆ ಜನರಿಗೆ ಒಂದು ಸರಳ ಸೂಚನೆ ಕೊಟ್ಟಿದೆ: ಹೊರದೇಶದ ಫ್ರೋಜನ್ ಬೆರಿಯನ್ನು 90 ಡಿಗ್ರಿಯಲ್ಲಿ 5 ನಿಮಿಷ ಬಿಸಿ ಮಾಡಿ, ಇಲ್ಲವೇ 2 ನಿಮಿಷ ಕುದಿಸಿ. ನಾನೂ ಮನೆಯಲ್ಲಿ ಇದನ್ನೇ ಮಾಡುವುದು. ಪಾತ್ರೆಗೆ ಬೆರಿ ಸುರಿದು ಸ್ವಲ್ಪ ನೀರು ಚಿಮುಕಿಸಿ ಒಲೆಯ ಮೇಲಿಟ್ಟರೆ ಮೊದಲು ಕರಗಿ ರಸ ಬಿಡುತ್ತದೆ. ಆಮೇಲೆ ಅಂಚಿನಲ್ಲಿ ಗುಳ್ಳೆ ಏಳುತ್ತದೆ. ಅಂಚಿನ ಗುಳ್ಳೆ ನೋಡಿ ಇಳಿಸಬೇಡಿ. ನಡುವಿನ ಹಣ್ಣು ಇನ್ನೂ ತಣ್ಣಗಿರುತ್ತದೆ. ಕೈಯಾಡಿಸಿ, ಇಡೀ ಪಾತ್ರೆ ಕೊತಕೊತ ಅಂದ ಮೇಲೆ ಎರಡು ನಿಮಿಷ ಲೆಕ್ಕ ಹಾಕಿ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ಸಕ್ಕರೆಯನ್ನು ಮೊದಲೇ ಹಾಕುವುದು. ಸಕ್ಕರೆ ವೈರಸ್ಸಿಗೆ ಬಿಸಿಯಿಂದ ರಕ್ಷಣೆ ಕೊಡುತ್ತದೆ. ಸ್ಟ್ರಾಬೆರಿ ಗೊಜ್ಜಿನಲ್ಲಿ ಹೆಪಟೈಟಿಸ್ ಎ ವೈರಸ್ಸನ್ನು 85 ಡಿಗ್ರಿಯಲ್ಲಿ ಹತ್ತರಲ್ಲಿ ಒಂದು ಪಾಲಿಗೆ ಇಳಿಸಲು ಸಕ್ಕರೆ ಕಡಿಮೆ ಇದ್ದಾಗ ಸುಮಾರು 1 ನಿಮಿಷ ಹಿಡಿದರೆ, ಸಕ್ಕರೆ ಜಾಸ್ತಿ ಇದ್ದಾಗ ಸುಮಾರು 5 ನಿಮಿಷ ಹಿಡಿದಿತ್ತು. ಹಾಗಾಗಿ ಹಣ್ಣು ಕುದ್ದ ಮೇಲೆ ಸಕ್ಕರೆ ಹಾಕಿ.

ತೊಳೆದರೆ ಸಾಲದಾ? ತಾಜಾ ಹಣ್ಣನ್ನು ಹರಿಯುವ ನೀರಿನಲ್ಲಿ ತೊಳೆಯಿರಿ, ಮಣ್ಣು ಹೋಗುತ್ತದೆ, ವೈರಸ್ಸೂ ಸ್ವಲ್ಪ ಕಡಿಮೆಯಾಗುತ್ತದೆ. ಸಂದಿಯಲ್ಲಿ ಕೂತದ್ದು ಕೂತೇ ಇರುತ್ತದೆ. ಫ್ರೋಜನ್ ಹಣ್ಣನ್ನು ತೊಳೆಯಲು ಹೋದರೆ ಕೈಗೆ ಗೊಜ್ಜು ಬರುತ್ತದೆ, ಬಿಡಿ. ಇನ್ನೊಂದು ಮಾತು: ಪ್ಯಾಕೆಟ್ ಮುಟ್ಟಿದ ಕೈಯಿಂದ ಹಸಿಯಾಗಿ ತಿನ್ನುವ ಬೇರೆ ಪದಾರ್ಥ ಮುಟ್ಟಬೇಡಿ. ಕೈಯನ್ನು ಸೋಪು ನೀರಿನಲ್ಲಿ ಉಜ್ಜಿ ತೊಳೆಯಿರಿ. ಸೋಪು ಇಲ್ಲಿ ವೈರಸ್ಸನ್ನು ಕೊಲ್ಲುವುದಿಲ್ಲ, ಉಜ್ಜಿ ಜಾರಿಸಿ ನೀರಿನ ಜೊತೆ ಕಳಿಸುತ್ತದೆ. ಅಷ್ಟು ಸಾಕು. ಮನೆಯಲ್ಲಿ ಮತ್ತೆ ಯಾರಾದರೂ ವಾಂತಿ ಮಾಡಿದರೆ ಆ ಜಾಗಕ್ಕೆ ಬ್ಲೀಚ್ ಬೇಕು. ಶೇ 5ರ ಬ್ಲೀಚ್ ಆದರೆ ಒಂದು ಲೀಟರ್ ನೀರಿಗೆ 20ರಿಂದ 100 ಮಿಲಿ ಬೆರೆಸಿ, ಮೊದಲು ಕೊಳೆ ಒರೆಸಿ ತೆಗೆದು, ಆಮೇಲೆ ಹಚ್ಚಿ ಐದು ನಿಮಿಷ ಬಿಡಬೇಕು. ಕೊಳೆಯ ಮೇಲೇ ಸುರಿದರೆ ಬ್ಲೀಚಿನ ಶಕ್ತಿಯೆಲ್ಲ ಆ ಕೊಳೆಗೇ ಖರ್ಚಾಗುತ್ತದೆ. ಮತ್ತೆ ಅದೇ ಪ್ರೋಟೀನಿನ ಕಾಟ. ಇನ್ನು ಹೆಪಟೈಟಿಸ್ ಎ ವೈರಸ್ಸಿಗೆ ಒಳ್ಳೆಯ ಲಸಿಕೆ ಇದೆ. ಮಕ್ಕಳಿಗೆ ಹಾಕಿಸಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ.

ಹಾಗಾದರೆ ಈ ಬೆರಿ ಸಂಶೋಧನೆಯೆಲ್ಲ ವ್ಯರ್ಥವಾ? ನನಗೆ ಹಾಗನ್ನಿಸುವುದಿಲ್ಲ. ಲೋಟದಲ್ಲಿ ನನಗೆ ನಂಬಿಕೆ ಇಲ್ಲ, ತೊಳೆಯುವ ತೊಟ್ಟಿಯಲ್ಲಿ ಸ್ವಲ್ಪ ಇದೆ. ಜ್ಯೂಸು ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಬೀಜಗಳಲ್ಲಿ ಒಗರಿನ ಅಂಶ ಯಥೇಚ್ಛವಾಗಿ ಉಳಿದಿರುತ್ತದೆ. ಅದರ ಸಾರವನ್ನು ಸೊಪ್ಪು, ತರಕಾರಿ ತೊಳೆಯುವ ನೀರಿಗೆ ಬಳಸಬಹುದೇ ಎಂದು ನೋಡುತ್ತಿದ್ದಾರೆ. ದ್ರಾಕ್ಷಿ ಬೀಜದ ಸಾರವನ್ನು ಲೆಟಿಸ್ ಎಲೆಯ ಮೇಲೆ, ಮೆಣಸಿನಕಾಯಿಯ ಮೇಲೆ ಹಾಕಿ ಪರೀಕ್ಷಿಸಿಯೂ ಆಗಿದೆ. ಅಲ್ಲಿಯೂ ತೊಡಕು ಹಳೆಯದೇ. ನೀರಿನಲ್ಲಿ ಕೊಳೆ, ಎಲೆಯ ಚೂರು ಸೇರಿದ ಹಾಗೆಲ್ಲ ಒಗರಿನ ಕೆಲಸ ಇಳಿಯುತ್ತದೆ. ಬಣ್ಣವೂ ರುಚಿಯೂ ತರಕಾರಿಗೆ ಹತ್ತಬಾರದು. ಕ್ಲೋರಿನ್, ಬಿಸಿ, ಒತ್ತಡ ಇಂಥವುಗಳ ಜೊತೆಗೆ ಇನ್ನೊಂದು ಅಡ್ಡಗೋಡೆಯಾಗಿ ಇದು ಬರಬಹುದು. ಒಂಟಿಯಾಗಿ ನಿಲ್ಲುವಷ್ಟು ಗಟ್ಟಿ ಇಲ್ಲ.

ನಿಮ್ಮ ಬೆಳಗಿನ ಆತುರಕ್ಕೆ ನನ್ನದೊಂದು ಉಪಾಯ. ಭಾನುವಾರ ಒಂದು ಪ್ಯಾಕೆಟ್ ಬೆರಿಯನ್ನು ಹೇಳಿದ ಹಾಗೆ ಕುದಿಸಿ ಆರಿಸಿ, ಐಸ್ ಟ್ರೇಯಲ್ಲಿ ಹುಯ್ದು ಫ್ರೀಜರಿಗೆ ಹಾಕಿ. ಟ್ರೇಯೂ ಚಮಚವೂ ತೊಳೆದಿರಲಿ, ಕುದಿಸದ ಪ್ಯಾಕೆಟ್ಟಿಗೆ ತಾಗಿಸಬೇಡಿ. ಬೆಳಿಗ್ಗೆ ನಾಲ್ಕು ತುಂಡು ತೆಗೆದು ಮಿಕ್ಸಿಗೆ ಹಾಕಿದರೆ ಆಯಿತು. ರುಚಿ ಸ್ವಲ್ಪ ಜಾಮಿನ ಕಡೆಗೆ ವಾಲುತ್ತದೆ. ನಮ್ಮ ಮನೆಯ ಮಕ್ಕಳು ಅದನ್ನೇ ಇಷ್ಟಪಡುತ್ತಾರೆ.